ಗೇಣುದ್ದದ ಮರುತ್

ಬೆಂಗಳೂರಿನ ಪೂರ್ವ ಭಾಗದಲ್ಲಿ, ಎಚ್.ಎ.ಎಲ್. ಕಾರ್ಖಾನೆಯ ಸಮೀಪ, ಸುರಂಜನ್ ದಾಸ್ ರಸ್ತೆ ಎಂಬುದೊಂದಿದೆ. ದಿನವೂ ಬಸ್ಸು, ಆಟೋಗಳಲ್ಲಿ ಆ ದಾರಿಯಾಗಿ ಓಡಾಡುವವರ ಪೈಕಿ ಈ ಸುರಂಜನ್ ದಾಸ್ ಯಾರೆಂದು ಬಲ್ಲವರು ಎಷ್ಟು ಮಂದಿ? ಭಾರತದಲ್ಲೇ ವಿನ್ಯಾಸಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನವನ್ನು 1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಏರಿಸಿದ ವಿಂಗ್ ಕಮಾಂಡರ್ ಅವರು. ಅದೇ ವಿಮಾನದ ಸುಧಾರಿತ ರೂಪವೊಂದನ್ನು ಪರೀಕ್ಷಿಸುತ್ತಿದ್ದಾಗ 1970ರ ಜನವರಿ 10ರಂದು ಅಪಘಾತದಲ್ಲಿ ಪ್ರಾಣ ತೆತ್ತವರೂ ಅವರೇ. ಆ ವಿಮಾನದ ಹೆಸರು ಎಚ್.ಎಫ್.-24 ಮರುತ್.

ಮರುತ್ ಈಗ ಹಾರುವುದಿಲ್ಲ. 1990ರ ಹೊತ್ತಿಗೆ ಅದು ವಾಯುಪಡೆಯ ಸೇವೆಯಿಂದ ಪೂರ್ಣವಾಗಿ ನಿವೃತ್ತಿಯಾಯಿತು. ಉಳಿದಿರುವ ಕೆಲವು ವಿಮಾನಗಳನ್ನು ವಸ್ತುಸಂಗ್ರಹಾಲಯಗಳಲ್ಲಿ ನೋಡಬಹುದು. ಆದರೆ ಅದನ್ನು ನಿಜವಾಗಿ ಅರಿಯಬೇಕೆನ್ನುವ ವಿದ್ಯಾರ್ಥಿಗೆ ಇನ್ನೊಂದು ದಾರಿಯೂ ಇದೆ. ಒಂದು ತುಂಡು ಮೆದು ಮರ, ಒಂದು ಅಳತೆಪಟ್ಟಿ ಮತ್ತು ಎರಡು ತಿಂಗಳ ಸಂಜೆಗಳು ಸಿಕ್ಕರೆ ಮರುತ್ ಅವನ ಮೇಜಿನ ಮೇಲೆಯೇ ಬಂದು ನಿಲ್ಲುತ್ತದೆ.

"ಪರೀಕ್ಷೆ ಹತ್ತಿರವಿರುವಾಗ ಆಟಿಕೆ ಮಾಡುತ್ತ ಕೂರುವುದೇ?" ಎಂದು ಹಿರಿಯರು ಕೇಳುವುದು ಸಹಜ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಆಟಿಕೆಗೂ ಪ್ರಮಾಣಬದ್ಧ ಮಾದರಿಗೂ ಇರುವ ಅಂತರ ದೊಡ್ಡದು. ಆಟಿಕೆ ವಿಮಾನದಂತೆ ಕಂಡರೆ ಸಾಕು. ಮಾದರಿ ವಿಮಾನದ ಅಳತೆಗೆ ಸರಿಹೊಂದಲೇಬೇಕು.

ಎಪ್ಪತ್ತೆರಡರಲ್ಲಿ ಒಂದು ಪಾಲು

ಮಾದರಿ ವಿಮಾನಗಳ ಲೋಕದಲ್ಲಿ ಅತ್ಯಂತ ಬಳಕೆಯಲ್ಲಿರುವ ಪ್ರಮಾಣ 1:72. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು? ಅಡಿ, ಅಂಗುಲಗಳ ಲೆಕ್ಕದಿಂದ. ಆರು ಅಡಿ ಎಂದರೆ 72 ಅಂಗುಲ. ಹಾಗಾಗಿ ಆರಡಿ ಎತ್ತರದ ಪೈಲಟ್ ಈ ಪ್ರಮಾಣದಲ್ಲಿ ಸರಿಯಾಗಿ ಒಂದು ಅಂಗುಲದ ಗೊಂಬೆಯಾಗುತ್ತಾನೆ.

ಮರುತ್‌ನ ಉದ್ದ 15.87 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 9 ಮೀಟರ್, ಎತ್ತರ 3.6 ಮೀಟರ್. ಒಂದೊಂದನ್ನೂ 72ರಿಂದ ಭಾಗಿಸಿದರೆ ಮಾದರಿಯ ಉದ್ದ 22 ಸೆಂಟಿಮೀಟರ್, ರೆಕ್ಕೆಯ ಹರವು ಹನ್ನೆರಡೂವರೆ ಸೆಂಟಿಮೀಟರ್, ಎತ್ತರ 5 ಸೆಂಟಿಮೀಟರ್. ನಮ್ಮ ಹಳೆಯ ಅಳತೆಯಲ್ಲಿ ಹೇಳುವುದಾದರೆ ಹೆಚ್ಚುಕಡಿಮೆ ಒಂದು ಗೇಣು.

ಇಲ್ಲಿಗೆ ಲೆಕ್ಕ ಮುಗಿಯುವುದಿಲ್ಲ, ಸ್ವಾರಸ್ಯ ಶುರುವಾಗುವುದೇ ಇಲ್ಲಿಂದ. ಉದ್ದ 72 ಪಟ್ಟು ಕುಗ್ಗಿದಾಗ ವಿಸ್ತೀರ್ಣ 72ರ ವರ್ಗದಷ್ಟು, ಅಂದರೆ 5,184 ಪಟ್ಟು ಕುಗ್ಗುತ್ತದೆ. ಮರುತ್‌ನ ರೆಕ್ಕೆಯ ವಿಸ್ತೀರ್ಣ 28 ಚದರ ಮೀಟರ್. ಮಾದರಿಯಲ್ಲಿ ಅದು ಕೇವಲ 54 ಚದರ ಸೆಂಟಿಮೀಟರ್, ಅಂಚೆ ಕಾರ್ಡಿನ ಅರ್ಧಕ್ಕೂ ಕಡಿಮೆ. ಗಾತ್ರವಾದರೋ 72ರ ಘನದಷ್ಟು, ಅಂದರೆ 3,73,248 ಪಟ್ಟು ಕುಗ್ಗುತ್ತದೆ. ಇಂಧನ, ಶಸ್ತ್ರಗಳಿಲ್ಲದ ಬರಿಯ ಮರುತ್ ಸುಮಾರು 6,200 ಕಿಲೋಗ್ರಾಂ ತೂಗುತ್ತಿತ್ತು. ತೂಕವೂ ಗಾತ್ರದ ಪ್ರಮಾಣದಲ್ಲೇ ಇಳಿದರೆ ಮಾದರಿ ಹದಿನೇಳು ಗ್ರಾಂನಷ್ಟು ಮಾತ್ರ ತೂಗಬೇಕು! ಇರುವೆ ತನಗಿಂತ ಎಷ್ಟೋ ಪಾಲು ಭಾರವನ್ನು ಹೊರುವುದೇಕೆ, ಆನೆಯ ಕಾಲುಗಳು ಕಂಬದಂತಿರುವುದೇಕೆ ಎಂಬುದಕ್ಕೂ ಈ ವರ್ಗ-ಘನಗಳ ಲೆಕ್ಕವೇ ಉತ್ತರ. ಕಪ್ಪುಹಲಗೆಯ ಮೇಲೆ ಹತ್ತು ಸಲ ಬರೆದರೂ ಮನಸ್ಸಿಗಿಳಿಯದ ಈ ನಿಯಮ, ಮಾದರಿಯನ್ನು ತಕ್ಕಡಿಯಲ್ಲಿ ಇಟ್ಟ ದಿನ ಇಳಿಯುತ್ತದೆ.

1:72ರ ಮಾದರಿಗಳನ್ನು ಒಮ್ಮೆ ಶಾಲಾ ಮಕ್ಕಳೇ ಯುದ್ಧಕಾಲದ ಕೆಲಸವಾಗಿ ಮಾಡಿದ್ದುಂಟು. ಎರಡನೆಯ ಮಹಾಯುದ್ಧದ ನಡುವೆ, 1942ರಲ್ಲಿ, ಅಮೆರಿಕದ ನೌಕಾಪಡೆ ಅಲ್ಲಿನ ಶಾಲೆಗಳಿಂದ ಐದು ಲಕ್ಷ ಮರದ ಮಾದರಿ ವಿಮಾನಗಳನ್ನು ಕೇಳಿತು. ದೂರದಲ್ಲಿ ಕಾಣುವ ವಿಮಾನ ಸ್ವಪಕ್ಷದ್ದೋ ಶತ್ರುವಿನದೋ ಎಂದು ಸೈನಿಕರಿಗೆ ಗುರುತಿಸಲು ಕಲಿಸಬೇಕಿತ್ತು. ಹತ್ತು ಮೀಟರ್ ದೂರದಲ್ಲಿ ಹಿಡಿದ 1:72ರ ಮಾದರಿ, 720 ಮೀಟರ್ ದೂರದ ನಿಜ ವಿಮಾನದಷ್ಟೇ ಗಾತ್ರದ್ದಾಗಿ ಕಾಣುತ್ತದೆ. ಆಕಾರ ತುಸು ತಪ್ಪಿದರೂ ಪಾಠವೇ ತಪ್ಪಾಗುತ್ತಿತ್ತು. ಆದ್ದರಿಂದ ಮಕ್ಕಳ ಕೆಲಸವನ್ನು ಅಳತೆಯಿಟ್ಟು ನೋಡಿಯೇ ಒಪ್ಪಿಕೊಳ್ಳುತ್ತಿದ್ದರು.

ವಿಮಾನಕ್ಕೂ ಮೊದಲು ಮಾದರಿ

ಮಾದರಿಯನ್ನು ನಿಜ ವಿಮಾನದ ನಕಲು ಎಂದಷ್ಟೇ ಭಾವಿಸುವುದು ವಾಡಿಕೆ. ವಾಸ್ತವದಲ್ಲಿ ಮೊದಲು ಹುಟ್ಟುವುದು ಮಾದರಿ, ವಿಮಾನ ಆಮೇಲೆ. ಹೊಸ ವಿಮಾನದ ಪುಟ್ಟ ಮಾದರಿಯನ್ನು ಗಾಳಿಸುರಂಗದಲ್ಲಿ ನಿಲ್ಲಿಸಿ, ಅದರ ಮೇಲೆ ರಭಸದ ಗಾಳಿ ಹಾಯಿಸಿ, ಎತ್ತುವ ಬಲವೆಷ್ಟು, ತಡೆಯುವ ಬಲವೆಷ್ಟು ಎಂದು ಅಳೆಯುತ್ತಾರೆ. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಶಬ್ದಕ್ಕಿಂತ ವೇಗವಾದ ಗಾಳಿಯನ್ನೂ ಹಾಯಿಸಬಲ್ಲ ಸುರಂಗ 1967ರಿಂದ ಕೆಲಸ ಮಾಡುತ್ತಿದೆ. ತೇಜಸ್ ವಿಮಾನದ ಮಾದರಿಗಳೂ ಅಲ್ಲಿ ಪರೀಕ್ಷೆಗೊಳಗಾದವು.

ಮರುತ್‌ನ ಕಥೆಯಂತೂ ಇನ್ನೂ ಸೊಗಸಾಗಿದೆ. ಅದರ ಮುಖ್ಯ ವಿನ್ಯಾಸಕಾರ ಜರ್ಮನಿಯ ಕುರ್ಟ್ ಟ್ಯಾಂಕ್. ಎರಡನೆಯ ಮಹಾಯುದ್ಧದ ಹೆಸರಾಂತ ಫೋಕ್-ವುಲ್ಫ್ 190 ವಿಮಾನವನ್ನು ರೂಪಿಸಿದವರು. ಯುದ್ಧಾನಂತರ ಅರ್ಜೆಂಟೀನಾದಲ್ಲಿ ಕೆಲವು ವರ್ಷ ದುಡಿದು, 1956ರಲ್ಲಿ ಭಾರತ ಸರ್ಕಾರದ ಆಹ್ವಾನದ ಮೇರೆಗೆ ಬೆಂಗಳೂರಿಗೆ ಬಂದರು. ಭಾರತೀಯ ಎಂಜಿನಿಯರುಗಳೂ ಟ್ಯಾಂಕ್ ಜೊತೆ ಬಂದ ಜರ್ಮನ್ ತಜ್ಞರೂ ಸೇರಿ ಕೆಲಸ ಆರಂಭಿಸಿದಾಗ ನೇರವಾಗಿ ಲೋಹಕ್ಕೆ ಕೈಹಾಕಲಿಲ್ಲ. ಮೊದಲು ವಿಮಾನದ ಪೂರ್ಣಗಾತ್ರದ ರೂಪವೊಂದನ್ನು ಮರದಲ್ಲಿ ಕಟ್ಟಿದರು. ಅದಕ್ಕೆ ಎಂಜಿನ್ ಇರಲಿಲ್ಲ. ಇಬ್ಬರು ಕೂರಬಹುದಾದ ಆ ಮರದ ಗ್ಲೈಡರನ್ನು 1959ರಲ್ಲಿ ಡಕೋಟಾ ವಿಮಾನದ ಹಿಂದೆ ಹಗ್ಗ ಕಟ್ಟಿ ಎಳೆದೊಯ್ದು, ಮೇಲೆ ಬಿಟ್ಟು ಹಾರಿಸಿ ನೋಡಿದರು. ಆಕಾರ ನಂಬಿಕೆಗೆ ಅರ್ಹವೆಂದು ಖಚಿತವಾದ ಮೇಲೆಯೇ ಲೋಹದ ಮರುತ್ ಮೈದಳೆದದ್ದು.

ಹಾಗಾಗಿ ಮರದ ತುಂಡನ್ನು ಕೆತ್ತುತ್ತ ಕೂತ ವಿದ್ಯಾರ್ಥಿ ಮಾಡುತ್ತಿರುವುದು ಮಕ್ಕಳಾಟವಲ್ಲ. ಎಚ್.ಎ.ಎಲ್.ನ ವಿನ್ಯಾಸಕಾರರು ತುಳಿದ ದಾರಿಯಲ್ಲೇ ಅವನೂ ಒಂದಷ್ಟು ದೂರ ನಡೆಯುತ್ತಿದ್ದಾನೆ.

ಮರದಿಂದ ಮರುತ್

ಪ್ಲಾಸ್ಟಿಕ್ ಕಿಟ್‌ಗಳ ಚರಿತ್ರೆಯೂ ಹಳೆಯದೇ. ಇಂಗ್ಲೆಂಡಿನ ಫ್ರಾಗ್ ಸಂಸ್ಥೆ 1936ರಲ್ಲೇ ಪೆಂಗ್ವಿನ್ ಎಂಬ ಹೆಸರಿನಲ್ಲಿ 1:72ರ ಪ್ಲಾಸ್ಟಿಕ್ ವಿಮಾನಗಳನ್ನು ಮಾರಾಟಕ್ಕೆ ತಂದಿತು. ಏರ್‌ಫಿಕ್ಸ್ ಸಂಸ್ಥೆಯ ಸ್ಪಿಟ್‌ಫೈರ್ ಕಿಟ್ 1953ರಲ್ಲಿ ಬಂತು. ಮಿಗ್-21, ಹಂಟರ್ ಮುಂತಾದವುಗಳ ಕಿಟ್ ಇಂದು ದೊರೆಯುತ್ತವೆ. ಮರುತ್‌ನ ಕಿಟ್ ಹಾಗೆ ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದಲ್ಲ. ಅದೇ ಒಳ್ಳೆಯದಾಯಿತು. ಕಿಟ್‌ನಲ್ಲಿ ಅಳತೆಯ ಕೆಲಸವನ್ನು ಬೇರೆ ಯಾರೋ ಮಾಡಿ ಮುಗಿಸಿರುತ್ತಾರೆ. ಮರದಲ್ಲಿ ಕೆತ್ತುವವನು ಎಲ್ಲವನ್ನೂ ತಾನೇ ಅಳೆಯಬೇಕು.

ಮೊದಲ ಕೆಲಸ ನಕ್ಷೆ. ಮೇಲಿನಿಂದ, ಪಕ್ಕದಿಂದ, ಎದುರಿನಿಂದ ಕಾಣುವ ಮೂರು ನೋಟಗಳು ಬೇಕು. ಬೆಂಗಳೂರಿನಲ್ಲಿ 2001ರಲ್ಲಿ ಆರಂಭವಾದ ಎಚ್.ಎ.ಎಲ್. ವಸ್ತುಸಂಗ್ರಹಾಲಯದಲ್ಲಿ ನಿಜವಾದ ಮರುತ್ ಇದೆ. ಅಲ್ಲಿ ಫೋಟೋ ತೆಗೆಯುವಾಗ ಹತ್ತಿರ ನಿಂತರೆ ಮೂತಿ ದೊಡ್ಡದಾಗಿ, ಬಾಲ ಚಿಕ್ಕದಾಗಿ ಮೂಡುತ್ತದೆ. ಆದಷ್ಟು ದೂರ ಸರಿದು, ಸರಿಯಾಗಿ ಪಕ್ಕಕ್ಕೆ ನಿಂತು ತೆಗೆಯಬೇಕು. ಆ ಫೋಟೋವನ್ನು ವಿಮಾನದ ಉದ್ದ 11 ಸೆಂಟಿಮೀಟರ್ ಬರುವಂತೆ ಮುದ್ರಿಸಿಕೊಂಡರೆ ಲೆಕ್ಕ ಸುಲಭ. ಯಾವ ಭಾಗವನ್ನು ಅಳೆದರೂ ಅದರ ಎರಡರಷ್ಟು ಮಾದರಿಯ ಅಳತೆ.

ಮರ ಯಾವುದು? ದಕ್ಷಿಣ ಅಮೆರಿಕದ ಈಕ್ವೆಡಾರ್‌ನಿಂದ ಬರುವ ಬಾಲ್ಸಾ ಅತ್ಯಂತ ಹಗುರ. ಬ್ಲೇಡಿನಲ್ಲೇ ಕೊಯ್ಯಬಹುದು. ಅದು ಸಿಗದಿದ್ದರೆ ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಹಾಲೆ ಮರವಿದೆ. ಬಾಲ್ಸಾಗಿಂತ ಗಟ್ಟಿ, ಆದರೆ ಎಳೆ ಸಣ್ಣದಾದ್ದರಿಂದ ಮೈ ನುಣುಪಾಗುತ್ತದೆ.

ಚೌಕ ತುಂಡಿನ ಪಕ್ಕಕ್ಕೆ ಕಾರ್ಬನ್ ಕಾಗದದಿಂದ ಪಕ್ಕನೋಟವನ್ನು ಇಳಿಸಿ ಸಣ್ಣ ಗರಗಸದಿಂದ ಕೊಯ್ಯಬೇಕು. ಕೊಯ್ದ ಚೂರುಗಳನ್ನು ಎಸೆಯದೆ ಟೇಪಿನಿಂದ ಮತ್ತೆ ಅದೇ ಜಾಗದಲ್ಲಿ ಅಂಟಿಸಿ, ಈಗ ಮೇಲುನೋಟವನ್ನು ಇಳಿಸಿ ಕೊಯ್ಯಬೇಕು. ಟೇಪು ಬಿಚ್ಚಿದಾಗ ಎರಡೂ ದಿಕ್ಕಿನಿಂದ ಸರಿಯಾದ, ಆದರೆ ಮೂಲೆಗಳಿನ್ನೂ ಚೌಕವಾಗಿರುವ ಒಡಲು ಕೈಗೆ ಬರುತ್ತದೆ. ದಪ್ಪ ರಟ್ಟಿನಲ್ಲಿ ಅಡ್ಡಕೊಯ್ತದ ಅಚ್ಚುಗಳನ್ನು ಕತ್ತರಿಸಿಟ್ಟುಕೊಂಡು, ಅವುಗಳಿಗೆ ಕೂಡುವ ತನಕ ಸ್ಯಾಂಡ್ ಪೇಪರಿನಿಂದ ಉಜ್ಜಿ ದುಂಡಗೆ ಮಾಡಬೇಕು.

ಮೇಲುನೋಟವನ್ನು ಕೊಯ್ಯುವಾಗ ಜಾಣ ವಿದ್ಯಾರ್ಥಿ ಒಂದು ಸಂಗತಿಯನ್ನು ಗಮನಿಸದಿರಲಾರ. ಮರುತ್‌ನ ಒಡಲು ನೇರ ಕೊಳವೆಯಂತಿಲ್ಲ, ನಡುವಿನಲ್ಲಿ ಸೊಂಟದಂತೆ ಒಳಕ್ಕೆ ಸರಿದಿದೆ. ಅಂದಕ್ಕಾಗಿಯೇ? ಅಲ್ಲ. ಶಬ್ದದ ವೇಗದ ಸಮೀಪದಲ್ಲಿ ಗಾಳಿಯ ತಡೆ ದಿಢೀರನೆ ಏರುತ್ತದೆ. ಒಡಲು, ರೆಕ್ಕೆ, ಬಾಲ ಎಲ್ಲ ಸೇರಿದ ಒಟ್ಟು ಅಡ್ಡಕೊಯ್ತದ ವಿಸ್ತೀರ್ಣ ಮೂತಿಯಿಂದ ಬಾಲದವರೆಗೆ ನಯವಾಗಿ ಏರಿ ನಯವಾಗಿ ಇಳಿದರೆ ಈ ತಡೆ ಕಡಿಮೆ. ಅಂದರೆ ರೆಕ್ಕೆ ಸೇರಿಕೊಳ್ಳುವಲ್ಲಿ ಒಡಲು ತೆಳ್ಳಗಾಗಬೇಕು. ಅಮೆರಿಕದ ರಿಚರ್ಡ್ ವಿಟ್‌ಕಂಬ್ 1952ರಲ್ಲಿ ನಿರೂಪಿಸಿದ ಈ ನಿಯಮವನ್ನು, ಪುಸ್ತಕದಲ್ಲಿ ಓದುವ ಮೊದಲೇ ವಿದ್ಯಾರ್ಥಿಯ ಬೆರಳುಗಳು ಮರದ ಮೇಲೆ ಕಂಡುಕೊಂಡಿರುತ್ತವೆ.

ಬಾಲ ನೆಲಕ್ಕೆ, ಮೂತಿ ಮೇಲಕ್ಕೆ

ರೆಕ್ಕೆಗಳನ್ನು ಮೂರು ಮಿಲಿಮೀಟರಿನ ಹಲಗೆಯಿಂದ ಕೊಯ್ದು, ಅಂಚುಗಳನ್ನು ಉಜ್ಜಿ ಸಣ್ಣಗೆ ಮಾಡಿ ಅಂಟಿಸಬಹುದು. ಮರಕ್ಕೆ ಫೆವಿಕಾಲ್ ಸಾಕು. ಪೇಪರ್ ಕ್ಲಿಪ್ಪಿನ ತಂತಿಯಿಂದ ಕಾಲುಗಳಾಗುತ್ತವೆ. ಮುಂದೊಂದು, ಹಿಂದೆರಡು ಚಕ್ರ. ಎಲ್ಲ ಮುಗಿಸಿ ಮೇಜಿನ ಮೇಲೆ ನಿಲ್ಲಿಸಿದಾಗ ಅನೇಕರಿಗೆ ಆಘಾತ ಕಾದಿರುತ್ತದೆ: ವಿಮಾನ ಬಾಲ ಊರಿ, ಮೂತಿ ಎತ್ತಿ ಕೂತುಬಿಡುತ್ತದೆ!

ಇದು ಹೈಸ್ಕೂಲಿನ ಸನ್ನೆಕೋಲಿನ ಪಾಠವೇ. ಹಿಂದಿನ ಚಕ್ರಗಳು ಆಧಾರಬಿಂದು. 40 ಗ್ರಾಂ ಮಾದರಿಯ ಗುರುತ್ವಕೇಂದ್ರ ಆ ಚಕ್ರಗಳಿಗಿಂತ ಒಂದು ಸೆಂಟಿಮೀಟರ್ ಹಿಂದಿದೆ ಎಂದುಕೊಳ್ಳೋಣ. ಬಾಲದ ಕಡೆಗೆ ತಿರುಗಿಸುವ ಪರಿಣಾಮ 40 × 1 = 40. ಚಕ್ರಗಳಿಂದ ಹತ್ತು ಸೆಂಟಿಮೀಟರ್ ಮುಂದೆ, ಮೂತಿಯಲ್ಲಿ, 4 ಗ್ರಾಂ ಇಟ್ಟರೆ 4 × 10 = 40, ತೂಕ ಸಮ. ಆರು ಗ್ರಾಂ ಇಟ್ಟರೆ ಮೂತಿ ನೆಲ ಬಿಡುವುದಿಲ್ಲ. ಅದೇ ಭಾರವನ್ನು ನಾಲ್ಕೇ ಸೆಂಟಿಮೀಟರ್ ಮುಂದೆ ಇಡುವುದಾದರೆ ಸಮ ಮಾಡಲಿಕ್ಕೇ 10 ಗ್ರಾಂ ಬೇಕು. ಆದ್ದರಿಂದ ಬಣ್ಣ ಹಚ್ಚುವ ಮೊದಲೇ ಮೂತಿಯ ಕೆಳಗೆ ರಂಧ್ರ ಕೊರೆದು ಒಂದೆರಡು ಸಣ್ಣ ಕಬ್ಬಿಣದ ನಟ್ಟುಗಳನ್ನು ಕೂರಿಸಿ, ಪುಟ್ಟಿಯಿಂದ ಮುಚ್ಚಿಬಿಡಬೇಕು. ಸೀಸ ವಿಷವಾದ್ದರಿಂದ ಮಕ್ಕಳ ಕೈಗೆ ಅದು ಬೇಡ.

ಪೈಲಟ್ ತಲೆಯ ಮೇಲಿನ ಗಾಜಿನ ಮುಚ್ಚಳಕ್ಕೆ ಖಾಲಿ ನೀರಿನ ಬಾಟಲಿ ಸಾಕು. ಆ ಆಕಾರದ ಮರದ ಅಚ್ಚನ್ನು ಬಾಟಲಿಯೊಳಗೆ ಸೇರಿಸಿ ಬಿಸಿಗಾಳಿ ಹಾಯಿಸಿದರೆ ಪ್ಲಾಸ್ಟಿಕ್ ಕುಗ್ಗಿ ಅಚ್ಚಿಗೆ ಅಂಟಿಕೊಳ್ಳುತ್ತದೆ. ಬೇಕಾದಷ್ಟನ್ನು ಕತ್ತರಿಸಿಕೊಳ್ಳಬಹುದು. ಈ ಕೆಲಸಕ್ಕೆ ಮಾತ್ರ ದೊಡ್ಡವರು ಪಕ್ಕದಲ್ಲಿರಲೇಬೇಕು.

ದೂರದ ಬೆಟ್ಟ ನುಣ್ಣಗೆ

ಆಕಾರ ಮುಗಿದ ಮೇಲೆ ಸೂಕ್ಷ್ಮಗಳ ಸರದಿ. ಇಲ್ಲಿಯೇ ಹೆಚ್ಚಿನವರು ಎಡವುವುದು. ಉತ್ಸಾಹದಿಂದ ಪ್ರತಿ ಲೋಹದ ಹಾಳೆಯ ಜೋಡಣೆಯನ್ನೂ ಪೆನ್ನಿನಲ್ಲಿ ಗೀರುತ್ತಾರೆ. 0.3 ಮಿಲಿಮೀಟರಿನ ಒಂದು ಗೆರೆ ನಿಜ ವಿಮಾನದಲ್ಲಿ ಎರಡು ಸೆಂಟಿಮೀಟರಿಗೂ ಮಿಕ್ಕ ಬಿರುಕಾಗುತ್ತದೆ. ಅಂಥ ಬಿರುಕು ಬಿಟ್ಟ ವಿಮಾನವನ್ನು ಯಾವ ಪೈಲಟ್ ತಾನೇ ಏರಿಯಾನು? ರೆಕ್ಕೆಯ ಹಿಂದಂಚು ಒಂದು ಮಿಲಿಮೀಟರ್ ದಪ್ಪ ಉಳಿದರೆ ನಿಜದಲ್ಲಿ ಅದು ಏಳು ಸೆಂಟಿಮೀಟರಿನ ತೊಲೆ. ಬಣ್ಣದ ಪದರ 0.1 ಮಿಲಿಮೀಟರ್ ಆದರೆ ನಿಜದಲ್ಲಿ ಏಳು ಮಿಲಿಮೀಟರಿನ ಗಾರೆ. ಆದ್ದರಿಂದ ಬಣ್ಣ ತೆಳುವಾಗಿರಬೇಕು, ಒಂದು ಪದರ ಪೂರ್ತಿ ಒಣಗಿದ ಮೇಲಷ್ಟೇ ಇನ್ನೊಂದು. ಮರುತ್‌ನ ಮೂತಿಯಲ್ಲಿ 30 ಮಿಲಿಮೀಟರಿನ ನಾಲ್ಕು ಫಿರಂಗಿಗಳಿದ್ದವು. ಮಾದರಿಯಲ್ಲಿ ಆ ನಳಿಕೆಯ ಬಾಯಿ 0.4 ಮಿಲಿಮೀಟರ್, ಹೊಲಿಗೆ ಸೂಜಿಯ ಮೊನೆಯ ಕೆಲಸ.

ಬಣ್ಣದ ವಿಷಯದಲ್ಲೂ ಭೌತಶಾಸ್ತ್ರವಿದೆ. ಮಾದರಿಯನ್ನು ಒಂದಡಿ ದೂರದಿಂದ, ಅಂದರೆ 30 ಸೆಂಟಿಮೀಟರಿನಿಂದ ನೋಡುವುದು, ನಿಜ ವಿಮಾನವನ್ನು 21 ಮೀಟರಿಗೂ ಹೆಚ್ಚು ದೂರದಿಂದ ನೋಡಿದಂತೆ. ದೂರ ಹೆಚ್ಚಿದಂತೆ ನಡುವಿನ ಗಾಳಿಯಲ್ಲಿ ಬೆಳಕು ಚದುರಿ ಗಾಢ ಬಣ್ಣಗಳು ತಿಳಿಯಾಗುತ್ತವೆ. ದೂರದ ಬೆಟ್ಟ ಕಣ್ಣಿಗೆ ನುಣ್ಣಗಾಗಿ, ತಿಳಿನೀಲಿಯಾಗಿ ಕಾಣುವುದೂ ಇದರಿಂದಲೇ. ಅನುಭವಸ್ಥರು ಅಸಲಿ ಬಣ್ಣಕ್ಕೆ ಒಂದೆರಡು ಹನಿ ಬಿಳಿ ಬೆರೆಸಿಯೇ ಹಚ್ಚುತ್ತಾರೆ.

ವಾಯುಪಡೆಯ ಚಕ್ರದ ಗುರುತಿನಲ್ಲಿ ಹೊರಗಿನ ಬಳೆ ಕೇಸರಿ, ನಡುವೆ ಬಿಳಿ, ಒಳಗಿನ ಬೊಟ್ಟು ಹಸಿರು. ಇದನ್ನು ಹಿಂದುಮುಂದಾಗಿಸಿದ ಮಾದರಿಗಳನ್ನು ಶಾಲಾ ವಸ್ತುಪ್ರದರ್ಶನಗಳಲ್ಲಿ ಕಾಣುವುದುಂಟು.

ಯಾವ ಮರುತ್? ಯಾವ ವರ್ಷದ್ದು?

ಒಳ್ಳೆಯ ಮಾದರಿಕಾರ ಬರಿಯ "ಮರುತ್" ಮಾಡುವುದಿಲ್ಲ. ಇಂಥ ವರ್ಷದ, ಇಂಥ ದಳದ ಮರುತ್ ಎಂದು ಮೊದಲೇ ನಿರ್ಧರಿಸುತ್ತಾನೆ. 1967ರಲ್ಲಿ ಹತ್ತನೇ ಸ್ಕ್ವಾಡ್ರನ್ ಸೇರಿದ ಹೊಸ ವಿಮಾನವೇ? 1971ರ ಡಿಸೆಂಬರ್ ಯುದ್ಧದಲ್ಲಿ ರಾಜಸ್ಥಾನದ ಮರಳುಗಾಡಿನ ಮೇಲೆ ದಾಳಿಗೆ ಹೊರಟ, ಹಸಿರು-ಕಂದು ಬಣ್ಣ ಬಳಿದ, ರೆಕ್ಕೆಯ ಕೆಳಗೆ ಬಾಂಬು ಹೊತ್ತ ವಿಮಾನವೇ? ಅಥವಾ ಒಟ್ಟು 147ರಲ್ಲಿ ಇಬ್ಬರು ಕೂರುವ 18 ತರಬೇತಿ ವಿಮಾನಗಳ ಪೈಕಿ ಒಂದೇ? ಆಯ್ಕೆಯಾದ ಕೂಡಲೇ ಹುಡುಕಾಟ ಶುರು. ಬಯಲಿನಲ್ಲಿ ನಿಲ್ಲಿಸಿದ ವಿಮಾನಗಳಿಗೆ ಬಿಸಿಲು ಮಳೆಗೆ ಬಣ್ಣ ಮಾಸಿ ಮತ್ತೆ ಮತ್ತೆ ಬಳಿದಿರುತ್ತಾರೆ. ಆದ್ದರಿಂದ ಬಣ್ಣಕ್ಕೆ ಅದು ಸೇವೆಯಲ್ಲಿದ್ದ ಕಾಲದ ಫೋಟೋಗಳೇ ಆಧಾರ. ಹುಡುಗನೊಬ್ಬ ಹೀಗೆ ಗ್ರಂಥಾಲಯ ಅಲೆಯತೊಡಗಿದರೆ ಇತಿಹಾಸದ ಪಾಠವೂ ಜೊತೆಗೆ ನಡೆಯುತ್ತದೆ.

ಆ ಹುಡುಕಾಟದಲ್ಲಿ ಮರುತ್‌ನ ಕಹಿ ಸತ್ಯವೂ ಎದುರಾಗುತ್ತದೆ. ವಾಯುಪಡೆ ಬಯಸಿದ್ದು ಶಬ್ದದ ಎರಡರಷ್ಟು ವೇಗ. ಒಡಲು ಅದಕ್ಕೆ ತಕ್ಕಂತೆ ರೂಪುಗೊಂಡಿತ್ತು. ಆದರೆ ಅದಕ್ಕೆಂದು ಎಣಿಸಿದ್ದ ಹೆಚ್ಚು ಶಕ್ತಿಯ ಆರ್ಫಿಯಸ್ ಎಂಜಿನ್�ನಿನ ಅಭಿವೃದ್ಧಿ ಬ್ರಿಟನ್ನಿನಲ್ಲಿ ನಿಂತುಹೋಯಿತು. ಇದ್ದ ಆರ್ಫಿಯಸ್ 703 ಎಂಜಿನ್‌ಗಳೆರಡರಿಂದಲೇ ಮರುತ್ ಜೀವಮಾನವಿಡೀ ಹಾರಬೇಕಾಯಿತು. ನೆಲಮಟ್ಟದಲ್ಲಿ ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 1,100 ಕಿಲೋಮೀಟರ್, ಶಬ್ದದ ವೇಗಕ್ಕಿಂತ ಕಡಿಮೆ. ಬೇರೆ ಎಂಜಿನ್‌ಗಳಿಗಾಗಿ ದೇಶದೇಶಗಳಲ್ಲಿ ನಡೆದ ಹುಡುಕಾಟ ಫಲಿಸಲಿಲ್ಲ. ಹಾಗೆಂದು ವಿಮಾನ ನಿರುಪಯುಕ್ತವಾಗಲಿಲ್ಲ. 1971ರಲ್ಲಿ ಗುಂಡೇಟಿಗೆ ಒಂದು ಎಂಜಿನ್ ನಿಂತರೂ ಇನ್ನೊಂದರ ಬಲದಿಂದ ನೆಲೆ ಸೇರಿದ ಮರುತ್‌ಗಳಿವೆ.

ಮಾದರಿಯಲ್ಲಿ ಈ ಕೊರತೆ ಕಾಣಿಸುವುದಿಲ್ಲ. ಮರದಲ್ಲಿ ಆಕಾರವನ್ನು ಕೆತ್ತಬಹುದು, ಎಂಜಿನ್ನಿನ ಬಲವನ್ನು ಕೆತ್ತಲಾಗದು. ಆದುದರಿಂದ ಮಾದರಿಯ ಪಕ್ಕದಲ್ಲಿ ಒಂದು ಚಿಕ್ಕ ಚೀಟಿ ಇಡುವುದು ಲೇಸು. ಪ್ರಮಾಣ, ವರ್ಷ, ದಳ, ಎಂಜಿನ್, ಯಾವ ಅಳತೆ ಎಲ್ಲಿಂದ ಪಡೆದದ್ದು ಎಂಬ ನಾಲ್ಕಾರು ಸಾಲುಗಳು. ಆ ಚೀಟಿ ಬರೆಯಬಲ್ಲ ವಿದ್ಯಾರ್ಥಿ ಮಾದರಿಯನ್ನೂ ವಿಮಾನವನ್ನೂ ಬೇರೆಬೇರೆಯಾಗಿ ಅರಿತಿದ್ದಾನೆ ಎಂದೇ ಅರ್ಥ.

ತಂದೆತಾಯಿಗಳಿಗೆ ಎರಡು ಮಾತು

ಇದಕ್ಕೆ ದುಬಾರಿ ಸಾಮಾನು ಬೇಡ. ದಿನಕ್ಕೆ ಅರ್ಧ ಗಂಟೆ ಸಾಕು. ಪರೀಕ್ಷೆಯ ತಿಂಗಳಲ್ಲಿ ಎತ್ತಿಟ್ಟು ಬೇಸಿಗೆ ರಜೆಯಲ್ಲಿ ಮುಂದುವರಿಸಿದರೂ ಮರ ಹಳಸುವುದಿಲ್ಲ. ಬ್ಲೇಡನ್ನು ಮೈಯಿಂದ ಹೊರಮುಖವಾಗಿ ನಡೆಸಲು, ಮರ ಉಜ್ಜುವಾಗ ಮೂಗಿಗೆ ಬಟ್ಟೆ ಕಟ್ಟಲು, ಕಿಟಕಿ ತೆರೆದಿಟ್ಟು ಬಣ್ಣ ಹಚ್ಚಲು ಕಲಿಸಿದರೆ ಅಪಾಯ ಕಡಿಮೆ. ಹೆಣ್ಣುಮಕ್ಕಳಿಗೆ ಇದು ಒಗ್ಗದೆಂಬ ಭ್ರಮೆ ಬೇಡ. ಸೂಜಿಯಷ್ಟು ಸಣ್ಣ ಕೆಲಸಕ್ಕೆ ಬೇಕಾದದ್ದು ತಾಳ್ಮೆ, ಅದು ಹುಡುಗರ ಸೊತ್ತಲ್ಲ.

ಮೊದಲ ಮಾದರಿಯ ಒಂದು ರೆಕ್ಕೆ ತುಸು ಸೊಟ್ಟಗಾದೀತು. ಮನೆಗೆ ಬಂದವರ ಮುಂದೆ ಅದನ್ನು ತಮಾಷೆ ಮಾಡದಿರುವುದು ಹಿರಿಯರು ಕೊಡಬಹುದಾದ ದೊಡ್ಡ ನೆರವು. ಎಷ್ಟು ಮಿಲಿಮೀಟರ್ ಸೊಟ್ಟಗಾಗಿದೆ, ನಿಜ ವಿಮಾನದಲ್ಲಿ ಅದು ಎಷ್ಟಾಗುತ್ತಿತ್ತು ಎಂದು ಕೇಳಿ ನೋಡಿ. ಉತ್ತರ ಹೇಳಲು ಮಗು 72ರಿಂದ ಗುಣಿಸತೊಡಗಿದರೆ, ಎರಡು ತಿಂಗಳ ಸಂಜೆಗಳು ವ್ಯರ್ಥವಾಗಿಲ್ಲ.